ಅರವತ್ತೊಂದು, ಅರವತ್ತೆರಡು

ಜುಲೈ 4, ಸೋಮವಾರ

ಬೆಳಿಗ್ಗೆ ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿತ್ತು, ಜುಲೈ ನಮಗೆ ನಡುಚಳಿಗಾಲ. ಸೀಲಿನ ಪ್ಯಾಡ್ ಒಣಗಿದೆ, ಎರಡು ಹನಿ ನೀರು ಬಿಟ್ಟೆ. ಸಮಾಧಿ ತೆರೆದು ಸತ್ತವರ ಹೊದಿಕೆ ಬದಲಿಸುವ ಅನುಮತಿ ಇವತ್ತು ನಾಲ್ಕು. ಈ ಚಳಿಗಾಲದಲ್ಲಿ ಇದುವರೆಗೆ ಹತ್ತೊಂಬತ್ತು. ಪ್ರತಿ ಅರ್ಜಿಗೂ ಅದೇ ಕೆಲಸ: ಒಳಗೆ ಮಲಗಿರುವವರ ಹೆಸರು ಓದುವುದು, ಮರಣದ ಪುಸ್ತಕ ತೆಗೆದು ಕಾರಣ ನೋಡುವುದು, ಗೋಡೆಯ ಸುತ್ತೋಲೆಗೆ ಹೋಲಿಸುವುದು, ಸೀಲು ಒತ್ತುವುದು. ಸುತ್ತೋಲೆ ಅಂಟಿಸಿದವನೂ ನಾನೇ. ಪ್ಲೇಗಿನಿಂದ ಸತ್ತವರು ಇರುವ ಸಮಾಧಿಯನ್ನು ಏಳು ವರ್ಷ ತೆರೆಯಕೂಡದು.

ಮೂರನೆಯ ಅರ್ಜಿಯ ಮುದುಕ, ನಮ್ಮವರಲ್ಲಿ ಯಾರಿಗೂ ಅದು ತಗುಲಿಲ್ಲವಲ್ಲ, ಮತ್ತೇಕೆ ಹುಡುಕುತ್ತೀರಿ ಎಂದ. ನಿಯಮ ಎಂದೆ.

ಮೇಯರ್ ಜಿಲ್ಲೆಯಿಂದ ಬಂದ ನಮೂನೆಯೊಂದನ್ನು ಮೇಜಿನ ಮೇಲಿಟ್ಟರು. ನಮ್ಮ ಹನ್ನೊಂದು ಹಳ್ಳಿಯ ಕಮ್ಯೂನಿನ ಪೂರ್ತಿ ವಿವರ ಬರೆದು ಕಳಿಸಬೇಕು. ಮೂರು ಭಾಗ: ಭೂಗೋಳ, ಜನ, ಆಡಳಿತ. ಕೊನೆಯ ದಿನ ಆಗಸ್ಟ್ 31.

"ಫಿಡಿ, ನಿಮ್ಮ ಅಕ್ಷರ ಚೆಂದ. ನೀವು ಬರೆದದ್ದನ್ನ ಯಾರೂ ತಿದ್ದೋ ಹಾಗಿರಲ್ಲ" ಎಂದರು.

ಜುಲೈ 7, ಗುರುವಾರ

ಭೂಗೋಳ ಶುರು ಮಾಡಿದೆ. ಮೊದಲ ಸಾಲು ಅಚ್ಚಾಗಿಯೇ ಬಂದಿದೆ: ಮಡಗಾಸ್ಕರ್ ದ್ವೀಪ. ಪ್ರಾಂತ್ಯ, ಜಿಲ್ಲೆ, ಕಮ್ಯೂನ್ ನಾವು ತುಂಬಬೇಕು.

ದ್ವೀಪ! ಐವತ್ತಾರು ವರ್ಷದಿಂದ ಇಲ್ಲಿದ್ದೇನೆ, ಸುತ್ತ ನೀರಿರುವುದನ್ನು ಕಂಡಿಲ್ಲ. ನಮ್ಮ ಮನೆಯಲ್ಲಿ ಸಮುದ್ರ ನೋಡಿದವಳು ಮಗಳು ಮಿಯಾಲಿ ಒಬ್ಬಳೇ. ಬಂದರಿನಲ್ಲಿ ಲವಂಗ ತೂಗುವ ಗೋದಾಮಿನಲ್ಲಿ ಎರಡು ವರ್ಷ ಕೆಲಸ ಮಾಡಿದಳು. ಅವಳು ತಂದ ಚಿಪ್ಪು ಈಗ ಈ ಕಾಗದಗಳು ಹಾರದಂತೆ ಕೂತಿದೆ.

ಬರೆದದ್ದು: ಎತ್ತರ ಸಾವಿರದ ನಾನೂರು ಮೀಟರ್. ಗುಡ್ಡ ಎರಡು, ಹೊಳೆ ಒಂದು. ತಗ್ಗಿನಲ್ಲಿ ಭತ್ತ, ಏರಿನಲ್ಲಿ ಮರಗೆಣಸು, ನೀಲಗಿರಿ. ಮಣ್ಣು ಕೆಂಪು.

ಸಮಾಧಿಗಳ ಸಂಖ್ಯೆ ಕೇಳಿಲ್ಲ. ಆದರೂ ಎಣಿಸಿದೆ. ಕಚೇರಿಯ ಕಿಟಕಿಯಿಂದ ಕಾಣುವುದು ಹದಿನಾಲ್ಕು. ನಾವಿರುವ ಮನೆ ಮಣ್ಣಿನದು, ಸತ್ತವರದು ಕಲ್ಲಿನದು. ಊರಿನ ನಕ್ಷೆ ಬರೆಯುವವನಿಗೆ ಅವೇ ಗುರುತು. ಮನೆಗಳು ಮಳೆಗೆ ಕರಗುತ್ತವೆ. ನಮ್ಮದು ಎಡದಿಂದ ಐದನೆಯದು. ಒಳಗೆ ಒಂಬತ್ತು ಜನ.

ಮೂರು ಗಂಟೆಯ ಸುಮಾರಿಗೆ ಹಿಂದಿನ ಕೋಣೆಯಲ್ಲಿ ಕೆಮ್ಮು. ಅಲ್ಲಿ ಪುಸ್ತಕದ ಕಪಾಟು ಬಿಟ್ಟರೆ ಏನಿಲ್ಲ. ಎದ್ದು ನೋಡಲಿಲ್ಲ.

ಜುಲೈ 11, ಸೋಮವಾರ

ಒನೊರಿನ್ ಅಕ್ಕ ಕಚೇರಿಗೇ ಬಂದಳು. ಹ್ಯಾಟು ತೆಗೆಯದೆ ಕೂತಳು. ಹ್ಯಾಟು ತೆಗೆಯದಿದ್ದರೆ ಜಗಳಕ್ಕೆ ಬಂದಿದ್ದಾಳೆ ಎಂದರ್ಥ, ಇಲ್ಲವೇ ದೊಡ್ಡ ವಿಷಯಕ್ಕೆ.

ಅಪ್ಪ ಕನಸಿನಲ್ಲಿ ಬಂದಿದ್ದರಂತೆ. ಚಳಿ ಎಂದರಂತೆ. ಹೊದಿಕೆ ಹರಿದಿದೆ, ಬೆನ್ನಿಗೆ ಕಲ್ಲು ತಾಗುತ್ತದೆ ಎಂದರಂತೆ. ಇನ್ನು ಕೇಳುವುದೇನಿದೆ? ಈ ಚಳಿಗಾಲದಲ್ಲೇ ಬಾಗಿಲು ತೆಗೆಯಬೇಕು, ಎಲ್ಲರನ್ನೂ ಹೊರಗೆ ತರಬೇಕು, ಹೊಸ ಹೊದಿಕೆ ಸುತ್ತಬೇಕು, ಹೊತ್ತು ಕುಣಿಯಬೇಕು. ಹೊದಿಕೆ ಬದಲಿಸಿ ಹನ್ನೊಂದು ವರ್ಷವಾಯಿತು, ಊರಿನವರು ನಮ್ಮನ್ನು ನೋಡಿ ಏನೆನ್ನುತ್ತಾರೆ ಎಂದಳು. ದಿನ ನೋಡುವವನಲ್ಲಿಗೆ ಆಗಲೇ ಹೋಗಿ ಬಂದಿದ್ದಾಳೆ. ಆಗಸ್ಟ್ 19.

ಈ ವರ್ಷ ಬೇಡ ಎಂದೆ. ಭತ್ತ ಕಡಿಮೆ, ಜನ ಸೇರುವುದಿಲ್ಲ, ನನಗೆ ಈ ವಿವರ ಬರೆಯುವ ಕೆಲಸ.

"ಊರಿಗೆಲ್ಲ ಬಾಗಿಲು ತೆಗೆಸೋನು ನೀನು. ಸ್ವಂತ ಅಪ್ಪ ಚಳೀಲಿ ನಡುಗ್ತಿದ್ರೆ ನಮೂನೆ ತುಂಬ್ತೀಯಾ?"

ಎದ್ದವಳು ಬಾಗಿಲಲ್ಲಿ ನಿಂತು ಹೇಳಿದಳು.

"ಅಪ್ಪನ ಹಿಂದೆ ಮಿಯಾಲಿನೂ ನಿಂತಿದ್ಲು ಕಣೋ. ಮಾತಾಡ್ಲಿಲ್ಲ. ಬಾಯಿಗೆ ಹೀಗೆ ಕೈ ಅಡ್ಡ ಇಟ್ಕೊಂಡಿದ್ಲು."

ಜುಲೈ 12, ಬೆಳಿಗ್ಗೆ

ಕೊನೆಯ ಎರಡು ದಿನ ಮಿಯಾಲಿ ಹಾಗೆಯೇ ಮಾಡುತ್ತಿದ್ದಳು. ನನಗೆ ತಾಗಬಾರದೆಂದು ಕೈ ಅಡ್ಡ. ಆ ಎರಡು ದಿನ ಅಕ್ಕ ಊರಿನಲ್ಲಿರಲಿಲ್ಲ. ಬಂದದ್ದು ಉಸಿರು ನಿಂತ ಮೇಲೆ. ಯಾರಿಗೂ ಹೇಳಿಲ್ಲ ನಾನು.

ಜುಲೈ 20, ಬುಧವಾರ

ಎರಡನೆಯ ಭಾಗ: ಜನ. ಒಟ್ಟು 4,112. ಹೆಂಗಸರು, ಗಂಡಸರು, ಶಾಲೆಗೆ ಹೋಗುವವರು. ಆಮೇಲೆ ಒಂದು ಕೋಷ್ಟಕ, ಕಳೆದ ಹತ್ತು ವರ್ಷದ ಸಾವುಗಳು, ಕಾಯಿಲೆಯ ಪ್ರಕಾರ. ಮಲೇರಿಯಾ. ಕ್ಷಯ. ಭೇದಿ. ನಾಲ್ಕನೆಯದು ಪ್ಲೇಗ್. ಸೊನ್ನೆ ಬರೆದೆ. ಸೊನ್ನೆ ಚೆನ್ನಾಗಿ ದುಂಡಗೆ ಬಂತು.

ಬರೆದ ಮೇಲೆ ಐದು ವರ್ಷದ ಹಿಂದಿನ ಮರಣದ ಪುಸ್ತಕ ತೆಗೆದೆ. ತೆಗೆಯಬಾರದಿತ್ತು.

ಸಾಲು 61. ಮಿಯಾಲಿ. ಇಪ್ಪತ್ತೆರಡು ವರ್ಷ. ಅಕ್ಟೋಬರ್ 9. ಕಾರಣ: ಮಲೇರಿಯಾ.
ಸಾಲು 62. ಜಾಫಿ. ಐವತ್ತೆಂಟು ವರ್ಷ. ಅಕ್ಟೋಬರ್ 15. ಕಾರಣ: ಮುಪ್ಪು.

ಎರಡೂ ನನ್ನ ಅಕ್ಷರ. ಎರಡೂ ಸುಳ್ಳು.

ಒಮ್ಮೆ ಬರೆದುಬಿಡುತ್ತೇನೆ, ಇಲ್ಲಿಯಾದರೂ. ಬಂದರಿನಿಂದ ಎರಡು ದಿನ ವ್ಯಾನಿನಲ್ಲಿ ಕೂತು ಜ್ವರ ಹೊತ್ತು ಬಂದಳು. ಆರೋಗ್ಯ ಕೇಂದ್ರದ ಡಾಕ್ಟರಮ್ಮ ಕಫ ತೆಗೆದು ಪರೀಕ್ಷೆಯ ಪಟ್ಟಿ ತೋರಿಸಿದರು. ಎರಡು ಗೆರೆ, ಪ್ಲೇಗ್. ಆಗಲೇ ತಡವಾಗಿತ್ತು. ಸತ್ತರೆ ಮನೆಗೆ ಒಯ್ಯುವ ಹಾಗಿಲ್ಲ ಎಂದರು. ಬಿಳಿ ಅಂಗಿಯವರ ತಂಡ ಬರುತ್ತದೆ, ಚೀಲದಲ್ಲಿ ಹಾಕಿ ಇಟ್ಟಿಗೆ ಭಟ್ಟಿಯ ಹಿಂದಿನ ಗುಂಡಿಯಲ್ಲಿ ಸುಣ್ಣ ಸುರಿದು ಮುಚ್ಚುತ್ತದೆ. ಹೆಸರಿಲ್ಲ, ಕಲ್ಲಿಲ್ಲ, ಯಾರ ಪಕ್ಕವೂ ಇಲ್ಲ. ಅವಳ ತಾಯಿ ನಮ್ಮ ಸಮಾಧಿಯ ಉತ್ತರದ ಹಾಸಿನ ಮೇಲೆ ಹದಿನೆಂಟು ವರ್ಷದಿಂದ ಕಾಯುತ್ತಿದ್ದಳು. ಡಾಕ್ಟರಮ್ಮ ಜಿಲ್ಲೆಗೆ ಫೋನ್ ಮಾಡಲು ಸಿಗ್ನಲ್ ಹುಡುಕುತ್ತ ಗುಡ್ಡ ಹತ್ತಿದರು. ನಾನು ಮಗಳನ್ನು ಎತ್ತಿನ ಗಾಡಿಗೆ ಹಾಕಿದೆ. ಜೀವ ಇತ್ತು ಇನ್ನೂ. ಡಾಕ್ಟರಮ್ಮ ಸಂಜೆ ಮನೆಗೆ ಬಂದಾಗ, ವಾಸಿಯಾಗುತ್ತಿದ್ದಾಳೆ, ನೆಂಟರ ಊರಿಗೆ ಕಳಿಸಿದೆ ಎಂದೆ. ನಂಬಲಿಲ್ಲ, ಒಳಗೆ ಹುಡುಕಲೂ ಇಲ್ಲ. ಮನೆಯವರಿಗೆಲ್ಲ ಎಂದು ಎಪ್ಪತ್ತು ಮಾತ್ರೆ ಕೊಟ್ಟರು, ಒಬ್ಬರಿಗೆ ದಿನಕ್ಕೆ ಎರಡು, ಏಳು ದಿನ. ಮುಂದಿನ ತಿಂಗಳೇ ಅವರಿಗೆ ದಕ್ಷಿಣಕ್ಕೆ ವರ್ಗವಾಯಿತು.

ನಾನು ನುಂಗಿದೆ. ಹೆಣ ನೋಡಲು ಬಂದ ಅಕ್ಕನಿಗೂ ಅಕ್ಕನ ಗಂಡನಿಗೂ ಜ್ವರದ ಕಾಲ ಎಂದು ಕೊಟ್ಟೆ, ಕೇಳದೆ ನುಂಗಿದರು. ಮೈ ತೊಳೆದು ಬಟ್ಟೆ ಸುತ್ತಿದವನು ಜಾಫಿ ಚಿಕ್ಕಪ್ಪ. ಅವನು ಆರೋಗ್ಯ ಕೇಂದ್ರದಲ್ಲಿ ಹತ್ತು ವರ್ಷ ಕಾವಲುಗಾರನಾಗಿದ್ದವನು. ಆ ಮಾತ್ರೆ ಯಾವುದಕ್ಕೆಂದು ನೋಡಿದ ಕೂಡಲೇ ಗೊತ್ತಾಗುತ್ತಿತ್ತು. ಕೊಡಲಿಲ್ಲ.

ಸಮಾಧಿಯ ಬಾಗಿಲು ಮುಚ್ಚಿ ಅವನು ನೇರ ಗದ್ದೆಯ ಗುಡಿಸಲಿಗೆ ಹೋದ, ಸಸಿಮಡಿ ಕಾಯಲು. ಆರನೆಯ ದಿನ ಅಲ್ಲೇ ಸತ್ತ, ಒಬ್ಬನೇ. ಅವನನ್ನು ನಾನೇ ಸುತ್ತಿದೆ. ಬೇರೆ ಯಾರಿಗೂ ಮುಟ್ಟಗೊಡಲಿಲ್ಲ. ಎಷ್ಟು ಪ್ರೀತಿ ನೋಡಿ ಎಂದರು ಊರಿನವರು.

ಮಿಕ್ಕ ಇಪ್ಪತ್ತೆಂಟು ಮಾತ್ರೆ ಈ ಮೇಜಿನ ಕೆಳಗಿನ ಡ್ರಾಯರಿನಲ್ಲಿವೆ.

ಏಳು ವರ್ಷ ತುಂಬಲು ಇದಲ್ಲದೆ ಇನ್ನೂ ಎರಡು ಚಳಿಗಾಲ ಕಳೆಯಬೇಕು.

ಆಗಸ್ಟ್ 2, ಮಂಗಳವಾರ

ಹದಿಮೂರು ದಿನ ಬರೆದಿಲ್ಲ. ಬರೆದರೆ ಇರುತ್ತದೆ, ಬರೆಯದಿದ್ದರೆ ಇರುವುದಿಲ್ಲ ಎಂದುಕೊಂಡೆ. ಹಾಗೇನೂ ಆಗಲಿಲ್ಲ. ಕೆಮ್ಮು ಈಗ ದಿನಾ, ಮೂರು ಗಂಟೆಗೆ.

ಕ್ಲೊತಿಲ್ದ್ ಚಿಕ್ಕಮ್ಮ ಹೇಳಿ ಕಳಿಸಿದ್ದಳು. ಜಾಫಿಯ ಹೆಂಡತಿ. ಹೊದಿಕೆಯ ರೇಷ್ಮೆ ನೇಯುವವರಲ್ಲಿ ಈ ಕಡೆ ಉಳಿದವಳು ಅವಳೊಬ್ಬಳೇ. ಅಂಗಳದಲ್ಲಿ ಬಿಸಿಲಿಗೆ ಮಗ್ಗ ಹಾಕಿಕೊಂಡಿದ್ದಳು. ಒಂಬತ್ತರಲ್ಲಿ ಆರು ಮುಗಿದಿವೆ. ಸೀದ ಅನ್ನದ ತಳಕ್ಕೆ ನೀರು ಹಾಕಿ ಕುದಿಸಿ ಕುಡಿಯಲು ಕೊಟ್ಟಳು, ಮರಗೆಣಸು ಕೊಟ್ಟಳು. ಅಕ್ಕ ಹಾಕಿದ ಅರ್ಜಿಯಲ್ಲಿ ಜಾಫಿಯ ಸಾವಿಗೆ ಏನು ಬರೆದಿದೆ ಎಂದು ಕೇಳಿದಳು.

"ಮುಪ್ಪು ಅಂತ."

"ಐವತ್ತೆಂಟಕ್ಕಾ? ನನಗೀಗ ಅರವತ್ತಾರು ಕಣಪ್ಪ. ಹಾಗಾದ್ರೆ ನಾನು ಯಾವಾಗಲೋ ಪಿಶಾಚಿ."

ತಾನೇ ನಕ್ಕಳು. ಆಮೇಲೆ ಲಾಳಿ ಎಸೆಯುತ್ತ, ಅವನು ಒಮ್ಮೆಯೂ ತನ್ನ ಕನಸಿಗೆ ಬಂದಿಲ್ಲ ಎಂದಳು. ಐದು ವರ್ಷದಲ್ಲಿ ಒಮ್ಮೆಯೂ. ಕೋಪವಿರಬೇಕು, ಗುಡಿಸಲಿನಲ್ಲಿ ಒಬ್ಬನೇ ಬಿಟ್ಟೆನಲ್ಲ. ಈ ಸಲ ತೊಡೆಯ ಮೇಲಿಟ್ಟುಕೊಂಡು ಸರಿಯಾಗಿ ಮಾತಾಡಿಸುತ್ತೇನೆ, ಕೈಯಾರೆ ಸುತ್ತುತ್ತೇನೆ ಎಂದಳು.

ಕೈಯಾರೆ. ಮುಖ ಹತ್ತಿರ ಇಟ್ಟು.

ಹೇಳಬೇಕೆಂದು ಬಾಯಿ ತೆರೆದೆ. ಗಂಟಲಿಗೆ ಮರಗೆಣಸು ಸಿಕ್ಕಿತು. ಬೆನ್ನು ತಟ್ಟಿದಳು.

ಆಗಸ್ಟ್ 12, ಶುಕ್ರವಾರ

ಮೂರನೆಯ ಭಾಗ: ಆಡಳಿತ. ಮೇಯರ್ ಒಬ್ಬರು, ಸದಸ್ಯರು ಏಳು, ಹಳ್ಳಿ ಮುಖ್ಯಸ್ಥರು ಹನ್ನೊಂದು, ಕಾರ್ಯದರ್ಶಿ ನಾನು. ಇದನ್ನೆಲ್ಲ ಬರೆದೆ. ಮೇಯರ್ ಹೇಳಿದರೆ ನಮ್ಮೂರಿನಲ್ಲಿ ಚರಂಡಿಯ ಕಸವೂ ಮೇಲೇಳುವುದಿಲ್ಲ. ಸತ್ತವನೊಬ್ಬ ಚಳಿ ಎಂದರೆ ನಾನೂರು ಜನ ಎದ್ದು ನಿಲ್ಲುತ್ತಾರೆ. ಅದಕ್ಕೆ ನಮೂನೆಯಲ್ಲಿ ಜಾಗವಿಲ್ಲ.

ನಮ್ಮ ಅರ್ಜಿ ಇನ್ನೂ ರಾಶಿಯ ಕೆಳಗೇ ಇದೆ. ಹೊಸ ಸೀಲು ಜಿಲ್ಲೆಯಿಂದ ಬರಬೇಕು ಎಂದು ಅಕ್ಕನಿಗೆ ಹೇಳಿದ್ದೆ. ಇವತ್ತು ಬಂದು, ನಾನು ಹೊರಗೆ ಹೋದಾಗ ಸೀಲು ಪ್ಯಾಡಿಗೆ ಒತ್ತಿ ಕೈ ಮೇಲೆ ಮುದ್ರೆ ಹಾಕಿಕೊಂಡು ಕಾಯುತ್ತಿದ್ದಳು.

"ಚೆನ್ನಾಗೇ ಬೀಳತ್ತಲ್ಲೋ ತಮ್ಮ. ನೋಡು."

ಹಂದಿಗಳನ್ನು ಗೊತ್ತುಮಾಡಿದ್ದಾಳೆ. ವಾದ್ಯದವರು ಬರುತ್ತಾರೆ. ಮಕ್ಕಳು ಮೊಮ್ಮಕ್ಕಳು ಎಲ್ಲ ಸೇರಿ ಎಂಬತ್ತು ಜನ ಹೊರಗಿನಿಂದಲೇ. ಅವಳ ಎದುರಿಗೆ ಪುಸ್ತಕ ತೆಗೆದು ಒಂಬತ್ತು ಹೆಸರು ಹೋಲಿಸಿದೆ, ಬೇರೆಯವರ ಅರ್ಜಿಗೆ ಮಾಡುವ ಹಾಗೇ. ಆಕ್ಷೇಪಣೆಗೆ ಕಾರಣವಿಲ್ಲ ಎಂದು ಬರೆದೆ. ಒತ್ತಿದೆ.

ಒತ್ತಿಬಿಟ್ಟೆ.

ಆಗಸ್ಟ್ 18, ಗುರುವಾರ, ಸಂಜೆ ಐದು

ಬೆಳಿಗ್ಗೆ ಸಮಾಧಿಯ ಎದುರು ಕರೆಯುವ ಶಾಸ್ತ್ರ. ಹಿಂದಿನ ದಿನವೇ ಕರೆಯಬೇಕು. ಆತ್ಮ ಎಲ್ಲೋ ಅಲೆಯುತ್ತಿದ್ದರೆ ಬಂದು ಸೇರಲಿ ಎಂದು. ಪಡುವಣ ಬಾಗಿಲಿಗೆ ರಮ್ ಸುರಿದರು, ಜೇನು ಇಟ್ಟರು. ಹೆಸರು ಓದುವವನು ಯಾವಾಗಲೂ ನಾನು. ನಾಳೆ ನಿಮ್ಮನ್ನು ಹೊರಗೆ ಕರೆದುಕೊಳ್ಳುತ್ತೇವೆ, ದೂರ ಹೋಗಬೇಡಿ, ಬನ್ನಿ. ಎಂಟು ಹೆಸರು ಕರೆದೆ. ಒಂಬತ್ತನೆಯದಕ್ಕೆ ಕಾಗದ ಮಡಿಸಿದೆ. ಅಕ್ಕ ಕರೆದಳು. ಮಿಯಾಲೀ, ಬಾರೇ ಮಗಾ. ಮೂರು ಸಲ.

ಗಾಳಿಯಿರಲಿಲ್ಲ. ನೀಲಗಿರಿಯ ಒಂದು ಎಲೆ ಅಲುಗಲಿಲ್ಲ. ನನ್ನ ಹಿಂದೆ ಯಾರೋ ಕೈ ಅಡ್ಡ ಹಿಡಿದಂತೆ ಕೆಮ್ಮಿದರು. ತಿರುಗಿದೆ. ಎಲ್ಲರೂ ನನ್ನ ಮುಂದೆಯೇ ಇದ್ದರು.

ಮಧ್ಯಾಹ್ನ ಚಿಕ್ಕಮ್ಮನ ಅಂಗಳಕ್ಕೆ ಹೋದೆ. ಒಂಬತ್ತು ಹೊದಿಕೆ ಹಗ್ಗದ ಮೇಲೆ ಸಾಲಾಗಿ. ಕೊನೆಯದರ ಅಂಚಿನ ನೂಲು ಕತ್ತರಿಸುತ್ತಿದ್ದಳು. ನಿಂತೇ ಹೇಳಿದೆ. ಪಟ್ಟಿಯ ಎರಡು ಗೆರೆ, ಗಾಡಿ, ಪುಸ್ತಕದ ಸಾಲು, ಎಲ್ಲ. ಕತ್ತರಿ ನಿಂತಿತು.

"ಜಾಫಿಗೂ ಅದೇನಾ?"

"ಅದೇ."

"ನಿಮಗೇನೂ ಆಗ್ಲಿಲ್ಲವಲ್ಲ."

"ಮಾತ್ರೆ ಇತ್ತು ಚಿಕ್ಕಮ್ಮ."

"ಎಷ್ಟಿತ್ತು?"

"ಎಪ್ಪತ್ತು. ನಾವು ಮೂರು ಜನ ನಲವತ್ತೆರಡು ನುಂಗಿದ್ವಿ."

ಜೀವನವಿಡೀ ಎಳೆ ಎಣಿಸಿದವಳು. ಒಂದು ಕ್ಷಣ ಕೂಡ ಬೇಕಾಗಲಿಲ್ಲ.

"ಅವನಿಗೆ ಹದಿನಾಲ್ಕು ಸಾಕಿತ್ತು."

"ಅವರು ಯಾಕೆ ಅಂತ ಕೇಳ್ತಿದ್ರು."

"ಕೇಳ್ತಿದ್ದ. ಬೈತಿದ್ದ. ಬೈದು ನುಂಗ್ತಿದ್ದ. ಊರಿಗೆ ಹೇಳ್ತಿರಲಿಲ್ಲ ಫಿಡಿ. ಅವಳನ್ನ ಹೆಗಲ ಮೇಲೆ ಕೂರಿಸ್ಕೊಂಡು ಬೆಳೆಸಿದವನು, ಗುಂಡಿಗೆ ಹಾಕು ಅಂತಿದ್ದನಾ?"

ಇದು ನನಗೆ ಐದು ವರ್ಷದಲ್ಲಿ ಒಮ್ಮೆಯೂ ಹೊಳೆದಿರಲಿಲ್ಲ.

ಆಮೇಲೆ ಹೊದಿಕೆಗಳನ್ನು ಒಂದೊಂದಾಗಿ ಹಗ್ಗದಿಂದ ತೆಗೆದು ಮಡಿಸಿದಳು. ಒಂಬತ್ತನ್ನೂ. ನಾನು ಹೋಗಲೋ ನಿಲ್ಲಲೋ ತಿಳಿಯದೆ ನಿಂತಿದ್ದೆ. ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಆಗಸ್ಟ್ 19, ಶುಕ್ರವಾರ

ತೆರೆಯಲಿಲ್ಲ.

ಹನ್ನೊಂದು ಗಂಟೆ. ವಾದ್ಯದವರು ಊದುತ್ತಿದ್ದರು, ಯುವಕರು ಬಾಗಿಲ ಮೇಲಿನ ಮಣ್ಣು ಎಳೆಯುತ್ತಿದ್ದರು, ಹೆಂಗಸರು ಚಾಪೆ ಹಿಡಿದು ನಿಂತಿದ್ದರು. ಕ್ಲೊತಿಲ್ದ್ ಚಿಕ್ಕಮ್ಮ ಬರಿಗೈಯಲ್ಲಿ ಬಂದಳು. ಬಾಗಿಲ ಕಲ್ಲಿಗೆ ಬೆನ್ನು ಕೊಟ್ಟು ಕೂತಳು. ವಾದ್ಯ ತಾನಾಗಿ ನಿಂತಿತು.

"ಬೆಳಗಿನ ಜಾವ ಜಾಫಿ ಬಂದಿದ್ದ. ಚಳಿ ಇಲ್ಲ ಅಂದ. ತೆಗೀಬೇಡಿ ಅಂದ. ಒಳಗಿರೋರೆಲ್ಲ ಹೇಳಿ ಕಳಿಸಿದಾರೆ ಅಂದ."

ಅಕ್ಕ ಮುಂದೆ ಬಂದಳು. ಐದು ವರ್ಷ ಬಾರದವನು ಹಂದಿ ಕೊಯ್ದ ಮೇಲೆ ಬಂದನಾ ಎಂದು ಕೇಳಿದಳು.

"ಅವನು ಯಾವತ್ತು ಹೊತ್ತಿಗೆ ಸರಿಯಾಗಿ ಬಂದಿದ್ದ ತಾಯಿ? ನಮ್ಮ ಮದುವೆಗೇ ಊಟ ಆದ್ಮೇಲೆ ಬಂದ."

ಹಿಂದೆ ಯಾರೋ ನಕ್ಕರು. ಆ ನಗೆಯಲ್ಲೇ ಎಲ್ಲ ಮುಗಿಯಿತು. ಅನುಮತಿ ಪತ್ರಕ್ಕೆ ಎದುರು ವಾದಿಸಬಹುದು, ಕನಸಿಗೆ ಎದುರು ಯಾರು ವಾದಿಸುತ್ತಾರೆ? ಯುವಕರು ಮಣ್ಣನ್ನು ಮತ್ತೆ ಎಳೆದು ಮುಚ್ಚಿದರು. ಹಂದಿಯ ಕೊಬ್ಬಿನ ಅನ್ನ ಎಲ್ಲರೂ ಉಂಡರು, ತಲೆ ತಗ್ಗಿಸಿ, ತಿಥಿಯಲ್ಲಿ ಉಣ್ಣುವ ಹಾಗೆ. ಅಕ್ಕ ಉಣ್ಣಲಿಲ್ಲ. ಮುಂದಿನ ಚಳಿಗಾಲ, ಯಾರಿಗೆ ಯಾವ ಕನಸು ಬೀಳಲಿ, ತಾನೇ ಹಾರೆ ಹಿಡಿಯುತ್ತೇನೆ ಎಂದು ಎಲ್ಲರ ಎದುರು ಹೇಳಿ ಹೋದಳು.

ಚಿಕ್ಕಮ್ಮ ನನ್ನ ಮುಖ ನೋಡಲಿಲ್ಲ.

ಆಗಸ್ಟ್ 21

ಒಂದು ವಿಷಯ ಯಾರೂ ಮಾತಾಡುತ್ತಿಲ್ಲ. ಗುರುವಾರ ಕರೆದೆವು. ಹೆಸರು ಹಿಡಿದು, ರಮ್ ಸುರಿದು, ಬನ್ನಿ ಎಂದೆವು. ಅವರು ಬಂದಿದ್ದಾರೆ. ಬಾಗಿಲು ತೆರೆಯಲಿಲ್ಲ.

ಈಗ ಎಲ್ಲಿ ನಿಂತಿದ್ದಾರೆ?

ಆಗಸ್ಟ್ 25, ಗುರುವಾರ

ಚಿಕ್ಕಮ್ಮ ಕಚೇರಿಗೆ ಬಂದಳು. ಸರದಿಯಲ್ಲಿ ನಿಂತೇ ಬಂದಳು, ಜನನ ಪತ್ರಕ್ಕೆ ಬಂದವರ ಹಿಂದೆ. ಕುರ್ಚಿ ತೋರಿಸಿದೆ, ಕೂರಲಿಲ್ಲ. ಪುಸ್ತಕ ತೋರಿಸು ಎಂದಳು. ಓದಲು ಬರುವುದಿಲ್ಲ ಅವಳಿಗೆ. 62ನೆಯ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದೆ. ಅದೇ ಜಾಗದ ಮೇಲೆ ತನ್ನ ಬೆರಳಿಟ್ಟಳು.

"ನಾನು ಒಂದು ಚಳಿಗಾಲ ತಡೆದೆ. ಇನ್ನೆರಡನ್ನ ಇದು ತಡೀಬೇಕು. ನನ್ನ ಮಾತು ಇನ್ನೊಂದ್ಸಲ ನಡಿಯಲ್ಲ."

ತಿದ್ದಿದರೆ ಏನಾಗುತ್ತದೆಂದು ಹೇಳಿದೆ. ನನ್ನ ಕೆಲಸ ಹೋಗುವುದು, ಕೋರ್ಟು, ಅದು ಇರಲಿ. ಬಿಳಿ ಅಂಗಿಯವರು ಬರುತ್ತಾರೆ. ಬಾಗಿಲಿಗೆ ಸಿಮೆಂಟು ಹಾಕಬಹುದು. ಇಲ್ಲವೇ ಇಬ್ಬರನ್ನೂ ಹೊರಗೆ ತೆಗೆದು ಭಟ್ಟಿಯ ಹಿಂದೆ ಒಯ್ಯಬಹುದು. ಯಾವುದೆಂದು ಸುತ್ತೋಲೆ ಹೇಳುವುದಿಲ್ಲ.

"ನಿನ್ನ ಅಕ್ಕನ ಮೊಮ್ಮಗಳು ಶುಕ್ರವಾರ ಚಾಪೆ ಹಿಡ್ಕೊಂಡು ಮುಂದೇನೇ ನಿಂತಿದ್ಲು. ಅವಳ ಸಾಲಿಗೆ ಏನು ಬರೀತೀಯಾ? ಮುಪ್ಪು ಅಂತಾನಾ?"

ಪುಸ್ತಕ ಮುಚ್ಚಿದೆ. ಶಾಲು ಹೊದ್ದುಕೊಂಡು ಹೊರಟಳು. ಹೊಸಿಲಿನಲ್ಲಿ ನಿಂತು, ತಿರುಗದೆ ಹೇಳಿದಳು.

"ಸುಳ್ಳು ಕನಸು ಹೇಳಿಬಿಟ್ಟೆ. ಇನ್ನು ಅವನು ನಿಜವಾಗ್ಲೂ ಬಂದು ಚಳಿ ಅಂದ್ರೆ, ಯಾರಿಗೆ ಹೇಳ್ಲಿ?"

ಬಂದನಾ ಎಂದು ಕೇಳಿದೆ. ಇಳಿದು ಹೋದಳು.

ಆಗಸ್ಟ್ 31, ಬುಧವಾರ, ಮಧ್ಯಾಹ್ನ

ವಿವರದ ಕೊನೆಯ ದಿನ. ಜಿಲ್ಲೆಗೆ ಹೋಗುವ ವ್ಯಾನು ನಾಲ್ಕಕ್ಕೆ. ಭೂಗೋಳ, ಜನ, ಆಡಳಿತ, ಮೂರೂ ಹೊಲಿದು ಇಟ್ಟಿದ್ದೇನೆ. ಮೇಯರ್ ನೋಡಿ, ಮುತ್ತು ಪೋಣಿಸಿದ ಹಾಗಿದೆ ಎಂದು ಸಹಿ ಹಾಕಿದರು. ಕೋಷ್ಟಕದ ಸೊನ್ನೆ ಇದ್ದ ಹಾಗೇ ಇದೆ.

ಊಟವಾದ ಮೇಲೆ ಮೇಜಿಗೆ ತಲೆಯಿಟ್ಟೆ. ನಿದ್ದೆ ಬಂತೋ ಇಲ್ಲವೋ. ಕಿಟಕಿಯ ಬಿಸಿಲು ಕೈ ಮೇಲೆ ಬೀಳುತ್ತಿದ್ದುದು ನೆನಪಿದೆ. ಮೂರು ಗಂಟೆಗೆ ಕೆಮ್ಮು. ಈ ಸಲ ಹಿಂದಿನ ಕೋಣೆಯಲ್ಲಲ್ಲ.

ಮೇಜಿನ ಆಚೆ ನಿಂತಿದ್ದಳು, ಅರ್ಜಿದಾರರು ನಿಲ್ಲುವ ಜಾಗದಲ್ಲಿ. ಅವಳ ಹಿಂದೆ ಜಾಫಿ ಚಿಕ್ಕಪ್ಪ, ಸರದಿಯಲ್ಲಿ ನಿಂತವನಂತೆ ಹ್ಯಾಟು ಕೈಯಲ್ಲಿ ಹಿಡಿದು. ಚಳಿ ಎನ್ನುತ್ತಾಳೆಂದು ಕಾದೆ. ಅನ್ನಲಿಲ್ಲ. ಬಾಯಿಗೆ ಅಡ್ಡ ಹಿಡಿದ ಕೈ ತೆಗೆದಳು. ಚಿಪ್ಪನ್ನು ಸರಿಸಿ ಕಾಗದ ನೋಡಿದಳು.

"ಅಪ್ಪಾ, ನಮ್ಮನ್ನ ಎಷ್ಟು ಅಂತ ಬರ್ದೆ?"

ತಲೆಯೆತ್ತಿದಾಗ ಯಾರೂ ಇಲ್ಲ. ಚಿಪ್ಪು ಮೇಜಿನ ಅಂಚಿನಲ್ಲಿತ್ತು. ನಾನು ಇಟ್ಟದ್ದು ನಡುವೆ.

ಹೊಲಿಗೆ ಬಿಚ್ಚಿದೆ. ಸೊನ್ನೆಯ ಮೇಲೆ ಅಡ್ಡ ಗೆರೆ ಎಳೆದು ಪಕ್ಕದಲ್ಲಿ 2 ಬರೆದೆ, ಸಹಿ ಹಾಕಿದೆ. ವಿವರದಲ್ಲಿ ಎರಡು ಎಂದಿದ್ದರೆ ಪುಸ್ತಕದಲ್ಲೂ ಎರಡಿರಬೇಕು. ಪುಸ್ತಕ ತೆಗೆದೆ. ಮೊದಲು 62. ಚಿಕ್ಕಮ್ಮ ಬೆರಳಿಟ್ಟ ಜಾಗ. ಮುಪ್ಪು ಹೊಡೆದು ಪ್ಲೇಗ್ ಎಂದು ಬರೆದೆ. ಅಕ್ಷರ ಚೆನ್ನಾಗಿ ಬಂತು.

ಹೊರಗೆ ವ್ಯಾನಿನ ಹಾರ್ನ್. ಇನ್ನು ಒಂದೇ. ಸಾಲು 61. ಹೆಸರು ಸರಿಯಿದೆ. ವಯಸ್ಸು ಸರಿಯಿದೆ. ತಾರೀಖು ಸರಿಯಿದೆ. ಕಾರಣ —